ಜೇನೂ ಸೀನೂ

ಕೇಳುಗರೇ, ನಮಸ್ಕಾರ.

ಮಳೆಗಾಲ ಹಿಂದೆ ಸರಿದು, ಖಾಲಿ ನಿವೇಶನಗಳಲ್ಲಿ ಕಾಂಗ್ರೆಸ್ ಗಿಡ ಬಿಳಿಯ ಹೂ ತಳೆಯುವ ಹೊತ್ತಿಗೆ ಬೆಂಗಳೂರಿನ ಅನೇಕ ಮನೆಗಳಲ್ಲಿ ಬೆಳಗಾಗುವುದೇ ಅಲರ್ಜಿಯ ಸೀನಿನಿಂದ. ಆಗ ಯಾರಾದರೊಬ್ಬರು, ಊರಿನ ಕಾಯಿಸದ ಜೇನನ್ನು ದಿನಕ್ಕೊಂದು ಚಮಚ ತಿನ್ನಿ ಎನ್ನುತ್ತಾರೆ. ಸುತ್ತಲಿನ ಹೂಗಳ ಪರಾಗ ಅದರಲ್ಲಿರುತ್ತದೆ, ಸ್ವಲ್ಪಸ್ವಲ್ಪವೇ ತಿಂದರೆ ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ ಎಂಬುದು ಅವರ ತರ್ಕ.

ತರ್ಕವೇನೋ ಜಾಣತನದ್ದೇ, ಎಡವಿರುವುದು ಹೂವಿನ ವಿಷಯದಲ್ಲಿ. ಶಿರಸಿ ಕಡೆಯ ತುಡುವೆ ಜೇನಿನ ಬಾಟಲಿಯನ್ನು ಬೆಳಕಿಗೆ ಹಿಡಿದರೆ ಕತ್ತಿನ ಬಳಿ ತೆಳುವಾದ ನೊರೆಯೂ ಅದರಲ್ಲಿ ಸಿಕ್ಕಿಕೊಂಡ ಮೇಣದ ಚೂರುಗಳೂ ಕಾಣುತ್ತವೆ. ಕಣ್ಣಿಗೆ ಕಾಣದ ಪರಾಗವೂ ಅಲ್ಲಿದೆ, ನಿಜ. ಆದರೆ ಅದು ಬಹುಪಾಲು ನೇರಳೆ, ಅಂಟುವಾಳಗಳಂಥ, ಮಕರಂದದ ಆಸೆ ತೋರಿಸಿ ಜೇನುನೊಣಗಳನ್ನು ಕರೆಯುವ ಮರಗಳದ್ದು. ಅಂಟಂಟಾದ ಆ ಪರಾಗ ನೊಣದ ಮೈಗೆ ಹತ್ತುತ್ತದೆಯೇ ಹೊರತು ಗಾಳಿಯಲ್ಲಿ ಹೆಚ್ಚು ಹಾರದು. ನಮ್ಮ ಮೂಗನ್ನು ಕಾಡುವುದು ಹುಲ್ಲು, ಸರ್ವೆ ಮರ, ಕಾಂಗ್ರೆಸ್ ಗಿಡಗಳು ಗಾಳಿಗೆ ತೂರಿಬಿಡುವ ಹಗುರ ಪರಾಗ. ಅದು ಜೇನಿಗೆ ಸೇರಿದರೂ ಎಷ್ಟು ಸೇರಿತೆಂಬ ಅಳತೆಯಿಲ್ಲ. ತಜ್ಞರು ಕೊಡುವ ಒಗ್ಗಿಸುವ ಚಿಕಿತ್ಸೆಯಲ್ಲಾದರೋ ಯಾವ ಪರಾಗವೆಂದು ಪರೀಕ್ಷಿಸಿ, ಅಳೆದ ಪ್ರಮಾಣದಲ್ಲಿ 3ರಿಂದ 5 ವರ್ಷ ಕೊಡುತ್ತಾರೆ.

ಅಮೆರಿಕದ ಕನೆಕ್ಟಿಕಟ್‌ನಲ್ಲಿ ಇದನ್ನು ಪರೀಕ್ಷಿಸಿಯೂ ನೋಡಿದರು. 2002ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 36 ಮಂದಿಯನ್ನು ಮೂರು ಗುಂಪು ಮಾಡಿ, ಒಂದಕ್ಕೆ ಸ್ಥಳೀಯ ಕಾಯಿಸದ ಜೇನು, ಇನ್ನೊಂದಕ್ಕೆ ಬೇರೆಡೆಯ ಸಂಸ್ಕರಿಸಿದ ಜೇನು, ಮತ್ತೊಂದಕ್ಕೆ ಜೇನಿನ ರುಚಿ ಬೆರೆಸಿದ ಮೆಕ್ಕೆಜೋಳದ ಪಾಕ ಕೊಟ್ಟರು. ಪಾಕ ತಿಂದವರಿಗಿಂತ ಜೇನು ತಿಂದವರು ಕಡಿಮೆ ಸೀನಲಿಲ್ಲ. ಮಲೇಷ್ಯಾದಲ್ಲಿ 40 ರೋಗಿಗಳ ಮೇಲೆ ನಡೆದ 2013ರ ಅಧ್ಯಯನದಲ್ಲಿ ಮಾತ್ರ ಅಲರ್ಜಿ ಮಾತ್ರೆಯ ಜೊತೆಗೆ ಜೇನು ಪಡೆದವರಿಗೆ ಹೆಚ್ಚು ಗುಣ ಕಂಡಿತು. ಆದರೆ ಅವರು ತಿಂದದ್ದು ದೇಹತೂಕದ ಕಿಲೋಗೆ 1 ಗ್ರಾಂನಂತೆ. ಎಂದರೆ 60 ಕಿಲೋ ತೂಗುವವರಿಗೆ ದಿನಕ್ಕೆ 60 ಗ್ರಾಂ, ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಸಕ್ಕರೆ. ಮಧುಮೇಹಿಗಳಿಗೆ ಈ ಲೆಕ್ಕ ನಾನು ಬಿಡಿಸಿ ಹೇಳಬೇಕಿಲ್ಲ.

ಮಲಗುವ ಮುನ್ನ ಒಂದು ಚಮಚ ಜೇನು ಮಕ್ಕಳ ರಾತ್ರಿಯ ಕೆಮ್ಮನ್ನು ಶಮನಗೊಳಿಸುತ್ತದೆ ಎಂಬುದಕ್ಕೆ ಮಾತ್ರ ಆಧಾರವಿದೆ. ಒಂದು ವರ್ಷದೊಳಗಿನ ಕೂಸಿಗೆ ಅದೂ ಸಲ್ಲದು. ಹುಟ್ಟಿದ ಮಗುವಿನ ನಾಲಿಗೆಗೆ ಜೇನು ಸವರುವ ಮನೆಗಳಲ್ಲಿ ಅಜ್ಜಿಗೆ ಬೇಸರವಾದರೂ ಇದನ್ನು ಹೇಳಲೇಬೇಕು: ಜೇನಿನಲ್ಲಿ ಇರಬಹುದಾದ ಬಾಟ್ಯುಲಿಸಂ ರೋಗದ ಬೀಜಾಣುಗಳು ಎಳೆಯ ಕರುಳಿನಲ್ಲಿ ಮೊಳೆತು ವಿಷ ಕಾರುತ್ತವೆ, ಮನೆಯ ಒಲೆಯ ಮೇಲೆ ಕಾಯಿಸಿದರೂ ಅವು ಸಾಯುವುದಿಲ್ಲ.