ಮೂರು ಸೆಕೆಂಡು ಸುಮ್ಮನಿರೋದು

ಎಲ್ಲರಿಗೂ ನಮಸ್ಕಾರ. ಮಧ್ಯಾಹ್ನದ ಮೊದಲ ಉಪನ್ಯಾಸ ನನ್ನ ಪಾಲಿಗೆ ಬಂದಿದೆ. ಹಿಂದಿನ ಸಾಲಿನಲ್ಲಿ ಆಗಲೇ ಇಬ್ಬರು ತೂಕಡಿಸುತ್ತಿದ್ದಾರೆ. ಪರವಾಗಿಲ್ಲ, ಮೇಷ್ಟ್ರಿಗೆ ಇದು ಹೊಸದಲ್ಲ.

'ಮಕ್ಕಳಲ್ಲಿ ಕಲಿಕೆಯ ಆಸಕ್ತಿ ಮೂಡಿಸುವುದು ಹೇಗೆ' ಅಂತ ವಿಷಯ ಕೊಟ್ಟಿದ್ದೀರಿ. ಆ 'ಮೂಡಿಸುವುದು' ಅನ್ನೋ ಮಾತಿಗೇ ನನ್ನ ತಕರಾರು. ಮೂರು ವರ್ಷದ ಮಗು ದಿನವಿಡೀ 'ಯಾಕೆ, ಯಾಕೆ' ಅಂತ ತಲೆ ತಿನ್ನುತ್ತದೆ. ಅದಕ್ಕೆ ಆಸಕ್ತಿ ಮೂಡಿಸಿದವರು ಯಾರು? ಹೈಸ್ಕೂಲಿಗೆ ಬರುವಷ್ಟರಲ್ಲಿ ಅದೇ ಮಗುವಿಗೆ ಒಂದೇ ಪ್ರಶ್ನೆ ಉಳಿದಿರುತ್ತದೆ: 'ಸರ್, ಇದು ಪರೀಕ್ಷೆಗೆ ಬರುತ್ತಾ?' ನಡುವೆ ಅದಕ್ಕೆ ಸಿಕ್ಕವರು ನಾವೇ ಅಲ್ವಾ?

ಮೇರಿ ಬಡ್ ರೋ ಅಂತ ಅಮೆರಿಕದ ಒಬ್ಬ ಸಂಶೋಧಕಿ. 1970ರ ದಶಕದಲ್ಲಿ, ತರಗತಿಗಳ ಟೇಪ್ ಕೇಳಿಸಿಕೊಂಡು ಒಂದು ವಿಷಯ ಅಳೆದರು. ಪ್ರಶ್ನೆ ಕೇಳಿದ ಮೇಲೆ ಮೇಷ್ಟ್ರು ಎಷ್ಟು ಹೊತ್ತು ಕಾಯುತ್ತಾರೆ? ಸುಮಾರು ಒಂದು ಸೆಕೆಂಡು! ಅದನ್ನು ಮೂರಕ್ಕೆ ಏರಿಸಿದಾಗ ಉತ್ತರಗಳು ಉದ್ದವಾದವು, 'ಗೊತ್ತಿಲ್ಲ' ಅನ್ನೋದು ಕಡಿಮೆಯಾಯಿತು, ಮಕ್ಕಳೇ ಪ್ರಶ್ನೆ ಕೇಳೋದು ಜಾಸ್ತಿಯಾಯಿತು.

ನಾನು ಇದನ್ನು ಓದಿ ಕಲಿತವನಲ್ಲ, ಸೀಮೆಸುಣ್ಣದಿಂದ ಕಲಿತವನು. ಒಂದು ದಿನ 'ಮಂಜುಗಡ್ಡೆ ನೀರಲ್ಲಿ ಯಾಕೆ ತೇಲುತ್ತದೆ?' ಅಂತ ಕೇಳಿದೆ. ಮೊದಲ ಬೆಂಚಿನ ಹುಡುಗಿ, ಅವಳು ಪ್ರಶ್ನೆ ಮುಗಿಯೋ ಮೊದಲೇ ಕೈ ಎತ್ತುವವಳು, 'ಸಾಂದ್ರತೆ ಕಡಿಮೆ ಸರ್' ಅಂದಳು. 'ವೆರಿ ಗುಡ್' ಅಂದು ಮುಂದಕ್ಕೆ ಹೋಗಬೇಕು. ಅಷ್ಟರಲ್ಲಿ ಕೈಲಿದ್ದ ಸೀಮೆಸುಣ್ಣ ಮುರಿದು ಮೇಜಿನ ಕೆಳಗೆ ಉರುಳಿತು. ಬಗ್ಗಿದೆ. ನನ್ನ ಸೊಂಟಕ್ಕೆ ಬಗ್ಗೋದಕ್ಕಿಂತ ಏಳೋದು ನಿಧಾನ. ಕ್ಲಾಸು ಸುಮ್ಮನಿತ್ತು. ಆಗ ಕಡೇ ಬೆಂಚಿನಿಂದ ಒಂದು ದನಿ: 'ಸರ್, ಎಣ್ಣೆಯಲ್ಲಿ ಹಾಕಿದ್ರೆ?'

ಇಡೀ ವರ್ಷ ಹಾಜರಿಗೆ ಬಿಟ್ಟು ಬೇರೆ ಮಾತಾಡದ ಹುಡುಗ. ಉತ್ತರ ನನಗೂ ಗೊತ್ತಿರಲಿಲ್ಲ. ಹಾಗಂತಲೇ ಹೇಳಿದೆ. ಮಾರನೇ ದಿನ ಗಾಜಿನ ಲೋಟದಲ್ಲಿ ಅಡುಗೆ ಎಣ್ಣೆ, ಒಂದು ತುಂಡು ಮಂಜುಗಡ್ಡೆ. ತೇಲುತ್ತದೆ ಅಂತ ಅರ್ಧ ಕ್ಲಾಸು, ಮುಳುಗುತ್ತದೆ ಅಂತ ಇನ್ನರ್ಧ. ಅದೋ, ತೇಲಿತು ಅನ್ನೋ ಹಾಗೂ ಇಲ್ಲ, ಮುಳುಗಿತು ಅನ್ನೋ ಹಾಗೂ ಇಲ್ಲ. ಮೂಗು ಮಾತ್ರ ಮೇಲಿಟ್ಟುಕೊಂಡು ನಿಂತಿತು. ಮಂಜುಗಡ್ಡೆಯ ಸಾಂದ್ರತೆ 0.917, ಅಡುಗೆ ಎಣ್ಣೆಯದು 0.92ರ ಆಸುಪಾಸು. ಕರಗಿದ ನೀರು ಮಾತ್ರ ದುಂಡು ದುಂಡು ಹನಿಯಾಗಿ ಎಣ್ಣೆಯೊಳಗೆ ನಿಧಾನಕ್ಕೆ ಕೆಳಗಿಳಿಯುತ್ತಿತ್ತು. ಗಂಟೆ ಹೊಡೆಯಿತು. ಒಬ್ಬರೂ ಏಳಲಿಲ್ಲ. ಆ ಹುಡುಗ ಲೋಟಕ್ಕೆ ಮೂಗು ತಾಗಿಸಿ ಹನಿ ಎಣಿಸುತ್ತಿದ್ದ.

ಸೀಮೆಸುಣ್ಣ ಮುರಿಯದೇ ಇದ್ದಿದ್ದರೆ? 'ವೆರಿ ಗುಡ್' ಅಂದಿರುತ್ತಿದ್ದೆ. ಆ 'ವೆರಿ ಗುಡ್' ಇದೆಯಲ್ಲ, ಅದು ಒಬ್ಬಳಿಗೆ ಬಹುಮಾನ, ಉಳಿದವರಿಗೆ ಬಾಗಿಲು ಹಾಕಿದ ಸದ್ದು.

ಬಹುಮಾನ ಅಂದಾಗ ನೆನಪಾಯಿತು. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನೋ ಮೂವರು ಮನಶ್ಶಾಸ್ತ್ರಜ್ಞರು, ಚಿತ್ರ ಬಿಡಿಸೋದು ಅಂದ್ರೆ ಇಷ್ಟಪಡುವ ಪುಟ್ಟ ಮಕ್ಕಳನ್ನು ಆರಿಸಿದರು. ಕೆಲವರಿಗೆ ಮೊದಲೇ 'ಬಿಡಿಸಿದರೆ ಸರ್ಟಿಫಿಕೇಟ್ ಕೊಡ್ತೀವಿ' ಅಂದರು. ಕೊಟ್ಟರು ಕೂಡ. ಒಂದೆರಡು ವಾರದ ಮೇಲೆ ನೋಡಿದರೆ, ಆ ಮಕ್ಕಳು ಬಿಡುವಿನಲ್ಲಿ ಚಿತ್ರ ಬಿಡಿಸೋದು ಉಳಿದವರಿಗಿಂತ ಕಡಿಮೆಯಾಗಿತ್ತು. ಆಟವಾಗಿದ್ದದ್ದು ಕೂಲಿಯಾಯಿತು. ನಾವು ನೋಟ್‌ಬುಕ್ಕಿಗೆ ಹಚ್ಚುವ ಸ್ಟಾರುಗಳನ್ನು ಒಮ್ಮೆ ನೆನಪಿಸಿಕೊಳ್ಳಿ.

ಚೀಟಿ ಬಂತು. ಐದೇ ನಿಮಿಷವಂತೆ. ಏಳು ಅಂಶ ಬರೆದುಕೊಂಡು ಬಂದಿದ್ದೆ, ಎರಡಾದವು. ಸರಿ, ಇನ್ನೊಂದು ಬೇಗ ಹೇಳಿಬಿಡ್ತೀನಿ. ರೂತ್ ಬಟ್ಲರ್ ಅನ್ನೋ ಸಂಶೋಧಕಿ 1988ರಲ್ಲಿ ಪ್ರಕಟಿಸಿದ ಅಧ್ಯಯನ. ಕೆಲವು ಮಕ್ಕಳಿಗೆ ಬರೀ ಅಂಕ, ಕೆಲವರಿಗೆ ಬರೀ ಟಿಪ್ಪಣಿ, ಕೆಲವರಿಗೆ ಎರಡೂ. ಆಸಕ್ತಿ ಉಳಿದದ್ದು ಬರೀ ಟಿಪ್ಪಣಿ ಸಿಕ್ಕವರಲ್ಲಿ. ಅಂಕ ಪಕ್ಕದಲ್ಲಿದ್ದರೆ ಟಿಪ್ಪಣಿಯಿಂದ ಆ ಲಾಭ ಇಲ್ಲ. ಅಂಕ ಬಿಡಿ ಅಂದರೆ ನಿಮ್ಮ ಕೈಲಿಲ್ಲ, ಗೊತ್ತು. ಒಂದು ದಿನ ತಡವಾಗಿ ಕೊಡಿ, ಅಷ್ಟೇ. ಮೊದಲು ಟಿಪ್ಪಣಿ ಓದಲಿ. ಹೋಮ್‌ವರ್ಕಿನಲ್ಲಿ ಆಯ್ಕೆ ಕೊಡೋದು, ತಪ್ಪು ಮಾಡಿದವರನ್ನು ಹೊಗಳೋದು, ಅದೆಲ್ಲ ಟೀ ಕುಡೀತಾ ಮಾತಾಡೋಣ.

ಕೂರೋ ಮೊದಲು ನಿಮಗೊಂದು ಪ್ರಶ್ನೆ. ಉತ್ತರ ನಿಮಗೇ ಗೊತ್ತಿಲ್ಲದ ಪ್ರಶ್ನೆಯನ್ನು ಕ್ಲಾಸಿನಲ್ಲಿ ಕೊನೇ ಸಲ ಕೇಳಿದ್ದು ಯಾವಾಗ?

ಮೊದಲ ಸಾಲಿನವರು ದಯವಿಟ್ಟು ಕೈ ಇಳಿಸಿ. ಹಿಂದಿನವರು ಹೇಳಲಿ. ನಾನು ಕಾಯ್ತೀನಿ.