ಕೆಲ್ಟರ ಕಂಠಿ, ವಿಕ್ಕಾ ಪದಕ

ಕೇಳುಗರಿಗೆ ನಮಸ್ಕಾರ. ಪ್ರಾಚೀನ ಯುರೋಪಿನ ಕೆಲ್ಟರೆಂಬ ಜನರ ಒಡವೆಗಳಿಂದ ಹಿಡಿದು, ಮಾಟಗಾತಿಯರ ಧರ್ಮವೆನಿಸಿಕೊಂಡ ಇಂದಿನ ವಿಕ್ಕಾದವರ ಪದಕಗಳವರೆಗೆ ಇವತ್ತಿನ ಮಾತು.

1948ರಲ್ಲಿ ಇಂಗ್ಲೆಂಡಿನ ಪೂರ್ವಕ್ಕಿರುವ ನಾರ್ಫೋಕ್ ಸೀಮೆಯ ಸ್ನೆಟಿಶಮ್ ಎಂಬ ಹಳ್ಳಿಯಲ್ಲಿ ಹೊಲವೊಂದನ್ನು ಆಳವಾಗಿ ಉಳುತ್ತಿದ್ದಾಗ ನೇಗಿಲಿನ ಬಾಯಿಗೆ ಲೋಹದ ತುಂಡೊಂದು ಸಿಕ್ಕಿತು. ಯಾವುದೋ ಹಿತ್ತಾಳೆ ಮಂಚದ ಚೂರಿರಬೇಕು ಎಂದುಕೊಂಡು ಅದನ್ನು ಹೊಲದ ಬದಿಗೆ ಹಾಕಿದರು. ಅದು ಎರಡು ಸಾವಿರ ವರ್ಷ ಹಳೆಯ ಚಿನ್ನ. 1950ರಲ್ಲಿ ಅದೇ ನೆಲದಿಂದ ಎದ್ದು ಬಂದ ಕಂಠಿ ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಇಂಥ ಕಂಠಿಗೆ ಟಾರ್ಕ್ ಎನ್ನುತ್ತಾರೆ.

ಅದನ್ನು ಹತ್ತಿರದಿಂದ ನೋಡಬೇಕು. ಚಿನ್ನಕ್ಕೆ ಬೆಳ್ಳಿಯನ್ನು ಬೆರೆಸಿ ಎಳೆದ ಅರವತ್ತನಾಲ್ಕು ತಂತಿಗಳು. ಎಂಟೆಂಟು ತಂತಿಗಳನ್ನು ಹೊಸೆದು ಒಂದೊಂದು ಹುರಿ ಮಾಡಿದ್ದಾರೆ. ಅಂಥ ಎಂಟು ಹುರಿಗಳನ್ನು ಮತ್ತೆ ಒಟ್ಟಿಗೆ ಹೊಸೆದಿದ್ದಾರೆ. ಎರಡು ತುದಿಗಳಿಗೆ ಎರಕ ಹೊಯ್ದ ದಪ್ಪ ಬಳೆಗಳು, ಅವುಗಳ ಮೈಮೇಲೆ ಉಬ್ಬು ಬಳ್ಳಿಗಳು, ಸೂಕ್ಷ್ಮವಾದ ಗೀರುಗಳು. ಕೊಕ್ಕೆಯೂ ಇಲ್ಲ, ತಿರುಪೂ ಇಲ್ಲ; ಮುಂದುಗಡೆ ಬಾಯಿ ತೆರೆದೇ ಇರುತ್ತದೆ. ತೂಕ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು. ಇದನ್ನು ಧರಿಸಿದವರು ದಿನವಿಡೀ ಧರಿಸಿರಲಿಕ್ಕಿಲ್ಲ ಎಂಬುದು ನನ್ನ ಅನುಮಾನ. ಧರಿಸಿದಷ್ಟು ಹೊತ್ತು ಮಾತ್ರ ತಲೆ ಬಾಗಿಸುವ ಪ್ರಶ್ನೆಯೇ ಬರುತ್ತಿರಲಿಲ್ಲ.

ಹಾಗಾದರೆ ಇದರ ಅರ್ಥವೇನು? ಅಧಿಕಾರವೇ, ದೈವದ ರಕ್ಷೆಯೇ, ಬರೀ ಐಶ್ವರ್ಯವೇ? ಇಲ್ಲೇ ತೊಡಕು. ಕೆಲ್ಟರು ತಮ್ಮ ಆಭರಣದ ಬಗ್ಗೆ ಒಂದು ಸಾಲನ್ನೂ ಬರೆದಿಡಲಿಲ್ಲ. ನಮಗೆ ತಿಳಿದಿರುವುದೆಲ್ಲ ಅವರ ಶತ್ರುಗಳು ಬರೆದದ್ದು. ಕ್ರಿಸ್ತಪೂರ್ವ 225ರಲ್ಲಿ ಇಟಲಿಯ ಟೆಲಮೋನ್‌ನಲ್ಲಿ ನಡೆದ ಯುದ್ಧವನ್ನು ಗ್ರೀಕ್ ಇತಿಹಾಸಕಾರ ಪೊಲಿಬಿಯಸ್ ವರ್ಣಿಸಿದ್ದಾನೆ. ಕೆಲ್ಟರ ಒಂದು ಪಡೆ ಬಟ್ಟೆಯನ್ನೆಲ್ಲ ಕಳಚಿ, ಚಿನ್ನದ ಕಂಠಿ ಮತ್ತು ತೋಳಬಂದಿಗಳನ್ನಷ್ಟೇ ಧರಿಸಿ ಮುಂಚೂಣಿಯಲ್ಲಿ ನಿಂತಿತ್ತಂತೆ. ರೋಮನ್ ಸೈನಿಕರಿಗೆ ಅದನ್ನು ಕಂಡು ಭಯವೂ ಆಯಿತು, ಆ ಚಿನ್ನದ ಮೇಲೆ ಆಸೆಯೂ ಹುಟ್ಟಿತು ಎನ್ನುತ್ತಾನೆ. ಟೈಟಸ್ ಮ್ಯಾನ್ಲಿಯಸ್ ಎಂಬ ರೋಮನ್ ಯುವಕ ದ್ವಂದ್ವಯುದ್ಧದಲ್ಲಿ ಕೆಲ್ಟರ ಪೈಕಿಯ ಒಬ್ಬ ಗಾಲ್ ಯೋಧನನ್ನು ಕೊಂದು, ಅವನ ಕಂಠಿಯನ್ನು ಕಿತ್ತು ತಾನೇ ಹಾಕಿಕೊಂಡನೆಂಬ ಕಥೆ ಇದೆ. ಆ ವಂಶಕ್ಕೆ ಟಾರ್ಕ್ವಾಟಸ್ ಎಂಬ ಅಡ್ಡಹೆಸರೇ ಉಳಿಯಿತು. ರೋಮನ್ನರ ವಿರುದ್ಧ ದಂಗೆ ಎದ್ದ ರಾಣಿ ಬೌಡಿಕಾಳ ಕೊರಳಲ್ಲಿ ದೊಡ್ಡ ಚಿನ್ನದ ಕಂಠಿ ಇತ್ತೆಂದು ಬರೆದವನು ಕ್ಯಾಸಿಯಸ್ ಡಿಯೋ. ಅವನು ಬರೆದದ್ದು ದಂಗೆ ಮುಗಿದು ನೂರಕ್ಕೂ ಹೆಚ್ಚು ವರ್ಷಗಳಾದ ಮೇಲೆ.

ಕಂಠಿ ದೇವತೆಗಳ ಕೊರಳಲ್ಲೂ ಇತ್ತು. 1891ರಲ್ಲಿ ಡೆನ್ಮಾರ್ಕಿನ ಗುಂಡೆಸ್ಟ್ರುಪ್ ಬಳಿಯ ಜೌಗಿನಲ್ಲಿ ಸಿಕ್ಕ ಬೆಳ್ಳಿಯ ಕೊಪ್ಪರಿಗೆಯ ಮೇಲೆ ಒಬ್ಬ ಪುರುಷ ಕಾಲು ಮಡಿಚಿ ಕುಳಿತಿದ್ದಾನೆ. ತಲೆಯ ಮೇಲೆ ಜಿಂಕೆಯ ಕೊಂಬು, ಕೊರಳಲ್ಲಿ ಒಂದು ಟಾರ್ಕ್, ಕೈಯಲ್ಲಿ ಇನ್ನೊಂದು, ಸುತ್ತ ಪ್ರಾಣಿಗಳು. ಮೊಹೆಂಜೊದಾರೊದ ಪಶುಪತಿ ಮುದ್ರೆ ನಮ್ಮ ನೆನಪಿಗೆ ಬರದೆ ಇರುವುದಿಲ್ಲ; ವಿದ್ವಾಂಸರೂ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ್ದಾರೆ. ಎರಡರ ನಡುವೆ ಸುಮಾರು ಎರಡು ಸಾವಿರ ವರ್ಷಗಳ ಅಂತರವಿದೆ. ಹೋಲಿಕೆಯನ್ನು ಕಂಡು ಸಂತೋಷಪಡೋಣ, ವಂಶವೃಕ್ಷ ಬರೆಯುವುದು ಬೇಡ.

ಇಂದು ಅಂಗಡಿಗಳಲ್ಲಿ ಕೆಲ್ಟಿಕ್ ಆಭರಣವೆಂದು ಮಾರುವುದರಲ್ಲಿ ಟಾರ್ಕ್ ಕಡಿಮೆ, ಗಂಟಿನ ವಿನ್ಯಾಸವೇ ಹೆಚ್ಚು. ಒಂದೇ ಎಳೆ ಮೇಲೆ ಕೆಳಗೆ ಹಾಯ್ದು, ಸುತ್ತಿ ಸುಳಿದು, ಹೊರಟಲ್ಲಿಗೇ ಬಂದು ಸೇರುತ್ತದೆ. ನಮ್ಮ ಮನೆಯಂಗಳದ ಎಳೆ ರಂಗೋಲಿಯಂತೆ ಇದರ ಹಿಂದೆಯೂ ಚುಕ್ಕಿಗಳಿವೆ. ಲಿಂಡಿಸ್ಫಾರ್ನ್ ಸುವಾರ್ತೆಗಳೆಂಬ ಬೈಬಲ್ ಹಸ್ತಪ್ರತಿಯ ಚಿತ್ರಪುಟಗಳ ಹಿಂಬದಿಯಲ್ಲಿ, ಸುಮಾರು ಕ್ರಿಸ್ತಶಕ 700ರ ಸಂನ್ಯಾಸಿ ಕಲಾವಿದ ಕೈವಾರದಿಂದ ಚುಚ್ಚಿದ ತೂತುಗಳೂ ಎಳೆದ ಚೌಕಗೆರೆಗಳೂ ಈಗಲೂ ಕಾಣುತ್ತವೆ. ಈ ಹೆಣಿಗೆ ಟಾರ್ಕ್ ಧರಿಸುತ್ತಿದ್ದ ಕೆಲ್ಟರದಲ್ಲ. ರೋಮನ್ನರ ನೆಲದ ಮೊಸಾಯಿಕ್‌ನಲ್ಲಿ, ಈಜಿಪ್ಟಿನ ಕ್ರೈಸ್ತರ ಕಲೆಯಲ್ಲಿ, ಜರ್ಮನ್ ಬುಡಕಟ್ಟುಗಳ ಲೋಹಕೆಲಸದಲ್ಲಿ ಅದು ಮೊದಲೇ ಇತ್ತು. ಐರ್ಲೆಂಡ್ ಮತ್ತು ಬ್ರಿಟನ್ನಿನ ಮಠಗಳಲ್ಲಿ ಪಕ್ವವಾಯಿತು. ಪದಕದ ಜೊತೆ ಬರುವ ಚೀಟಿಯಲ್ಲಿ "ಅನಂತ ಪ್ರೇಮದ ಪ್ರಾಚೀನ ಕೆಲ್ಟಿಕ್ ಸಂಕೇತ" ಎಂದು ಅಚ್ಚಾಗಿರುತ್ತದೆ. ಹಾಗೆಂದು ಹೇಳುವ ಒಂದು ಪ್ರಾಚೀನ ಬರಹವೂ ಇಲ್ಲ. ಮಠದ ಸಂನ್ಯಾಸಿ ಬಿಡಿಸಿದ್ದು ಸುವಾರ್ತೆಯ ಪುಟದ ಅಲಂಕಾರ.

ಮೂರು ಸುರುಳಿಗಳ ಗುರುತಿನ ಕಥೆ ಇನ್ನೂ ಸೋಜಿಗದ್ದು. ಐರ್ಲೆಂಡಿನ ನ್ಯೂಗ್ರೇಂಜ್ ಸಮಾಧಿ ದಿಬ್ಬದ ಬಾಗಿಲ ಬಂಡೆಯ ಮೇಲೆ ಅದನ್ನು ಕೆತ್ತಿದ್ದು ಸುಮಾರು ಕ್ರಿಸ್ತಪೂರ್ವ 3200ರಲ್ಲಿ. ಈಜಿಪ್ಟಿನ ಗೀಜಾ ಪಿರಮಿಡ್ಡುಗಳಿಗಿಂತಲೂ ಹಳೆಯದು. ಕೆಲ್ಟಿಕ್ ಭಾಷೆಗಳು ಆ ದ್ವೀಪವನ್ನು ಮುಟ್ಟುವುದಕ್ಕೆ ಬಹುಕಾಲ ಮುಂಚಿನದು. ಬ್ರಿಟನ್ ಮತ್ತು ಐರ್ಲೆಂಡಿನವರನ್ನು ಪ್ರಾಚೀನರು ಯಾರೂ ಕೆಲ್ಟರೆಂದು ಕರೆದಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ವೇಲ್ಸ್, ಐರ್ಲೆಂಡ್, ಫ್ರಾನ್ಸಿನ ಬ್ರಿಟನಿಗಳ ನುಡಿಗಳು ಒಂದೇ ಕುಟುಂಬದವೆಂದು ಎಡ್ವರ್ಡ್ ಲ್ವಿಡ್ ಎಂಬ ವಿದ್ವಾಂಸ 1707ರಲ್ಲಿ ತೋರಿಸಿಕೊಟ್ಟ ಮೇಲೆ ಆ ಹೆಸರು ಅವರಿಗೆ ಅಂಟಿಕೊಂಡಿತು.

ಹೆಸರು ಸಿಕ್ಕಿತು, ವ್ಯಾಪಾರವೂ ಕುದುರಿತು. 1850ರಲ್ಲಿ ಐರ್ಲೆಂಡಿನ ಬೆಟ್ಟಿಸ್‌ಟೌನ್ ಎಂಬ ಕಡಲತೀರದ ಊರಿನಲ್ಲಿ ಎಂಟನೆಯ ಶತಮಾನದ ಆರಂಭದ ಬ್ರೂಚ್ ಒಂದು ಸಿಕ್ಕಿತು. ಬ್ರೂಚ್ ಎಂದರೆ ಮೇಲುಹೊದಿಕೆಗೆ ಸಿಕ್ಕಿಸುವ ಸೂಜಿಪದಕ. ಈ ವಸ್ತುವಿನಲ್ಲಿ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾದ, ಚಿನ್ನದ ಮುಲಾಮಿನ ಬೆಳ್ಳಿಯ ಬಳೆ, ಕೂದಲೆಳೆಯ ಚಿನ್ನದ ಸರಿಗೆಯಿಂದ ಮಾಡಿದ ಮೃಗಗಳು, ಅಂಬರ್ ಮತ್ತು ಬಣ್ಣದ ಗಾಜಿನ ಹರಳುಗಳು, ಸರಪಳಿಯ ಬುಡದಲ್ಲಿ ಗಾಜಿನ ಪುಟ್ಟ ಮನುಷ್ಯಮುಖಗಳು. ಬಟ್ಟೆಗೆ ಒತ್ತಿಕೊಂಡು ಯಾರಿಗೂ ಕಾಣದ ಹಿಂಬದಿಗೂ ಮುಂಬದಿಯಷ್ಟೇ ಕೆಲಸ ಮಾಡಿದ್ದಾರೆ. ಹಳೆಯ ಮಾದರಿಯ ಬ್ರೂಚುಗಳಲ್ಲಿ ಬಳೆ ಒಂದು ಕಡೆ ಸೀಳಿರುತ್ತದೆ. ಸೂಜಿಯನ್ನು ಬಟ್ಟೆಗೆ ಚುಚ್ಚಿ, ಆ ಸೀಳಿನಲ್ಲಿ ಹಾಯಿಸಿ, ಬಳೆಯನ್ನು ತಿರುಗಿಸಿದರೆ ಬಿಗಿಯಾಗುತ್ತದೆ. ಇದರಲ್ಲಿ ಸೀಳನ್ನೇ ಮುಚ್ಚಿ ಅಲ್ಲೂ ಚಿತ್ತಾರ ತುಂಬಿದ್ದಾರೆ. ಉಪಯೋಗ ಹಿಂದೆ ಸರಿದು ಠೀವಿ ಮುಂದೆ ಬಂದಿದೆ.

ಡಬ್ಲಿನ್ನಿನ ಆಭರಣ ವ್ಯಾಪಾರಿ ಜಾರ್ಜ್ ವಾಟರ್‌ಹೌಸ್ ಇದನ್ನು ಕೊಂಡುಕೊಂಡ. ಐರಿಷ್ ಅರಸರ ಪಟ್ಟಾಭಿಷೇಕದ ದಿಬ್ಬವಾದ ತಾರಾಕ್ಕೂ ಈ ಬ್ರೂಚಿಗೂ ಯಾವ ಸಂಬಂಧವೂ ಇರಲಿಲ್ಲ. ಆದರೂ ಅದಕ್ಕೆ "ತಾರಾ ಬ್ರೂಚ್" ಎಂದು ಹೆಸರಿಟ್ಟ, ನಕಲುಗಳನ್ನು ಮಾಡಿಸಿದ, 1851ರ ಲಂಡನ್ ಮಹಾಪ್ರದರ್ಶನಕ್ಕೆ ಒಯ್ದ. ಮೂಲ ಬ್ರೂಚ್ ಈಗ ಡಬ್ಲಿನ್ನಿನ ರಾಷ್ಟ್ರೀಯ ಸಂಗ್ರಹಾಲಯದಲ್ಲಿದೆ. ವಾಟರ್‌ಹೌಸ್ ಕಟ್ಟಿದ ಹೆಸರೂ ಅಲ್ಲಿಯೇ ಇದೆ.

ಐರ್ಲೆಂಡಿನ ಗಾಲ್ವೇ ನಗರದ ಪಕ್ಕದ ಮೀನುಗಾರರ ಕೇರಿ ಕ್ಲಾಡಾದ ಉಂಗುರದ ಬಗ್ಗೆ ಕೆಲವರು ಕೇಳಿರಬಹುದು: ಎರಡು ಕೈಗಳು ಹಿಡಿದ ಹೃದಯ, ಅದರ ಮೇಲೊಂದು ಕಿರೀಟ. ಸ್ನೇಹ, ಪ್ರೇಮ, ನಿಷ್ಠೆ ಎಂದು ಅರ್ಥ. ಕೈಹಿಡಿದ ಉಂಗುರಗಳು ರೋಮನ್ನರ ಕಾಲದಿಂದಲೂ ಇದ್ದವು. ಗಾಲ್ವೇಯ ರೂಪ ಸುಮಾರು 1700ರದ್ದು. ಕೆಲ್ಟರ ಕಾಲದ್ದಲ್ಲದಿದ್ದರೂ ಜನ ಬಳಸಿ ಬಳಸಿ ಅರ್ಥ ತುಂಬಿದ ಉಂಗುರವಿದು. ಹೃದಯದ ತುದಿ ಯಾವ ಕಡೆಗಿದೆ ಎಂಬುದರ ಮೇಲೆ ತೊಟ್ಟವರ ಮನಸ್ಸು ಖಾಲಿಯೋ ಭರ್ತಿಯೋ ಎಂದು ಊರೆಲ್ಲ ಓದುತ್ತದೆ.

ಇನ್ನು ಐರಿಷ್ ಸಮುದ್ರದ ನಡುವಿನ ಮ್ಯಾನ್ ದ್ವೀಪಕ್ಕೆ ಬರೋಣ. ಅಲ್ಲಿ 1864ರಲ್ಲಿ ಹುಟ್ಟಿದ ಆರ್ಚಿಬಾಲ್ಡ್ ನಾಕ್ಸ್, ದ್ವೀಪದ ಹಳೆಯ ಶಿಲುಬೆಗಲ್ಲುಗಳ ಹೆಣಿಗೆಯನ್ನು ಅಭ್ಯಾಸ ಮಾಡಿ, ಲಂಡನ್ನಿನ ಲಿಬರ್ಟಿ ಅಂಗಡಿಗಾಗಿ ಬೆಳ್ಳಿ ಮತ್ತು ಮೀನಾಕಾರಿಯ ಒಡವೆಗಳನ್ನು ರೂಪಿಸಿದ. ಅದೇ ಲಿಬರ್ಟಿ 1875ರಲ್ಲಿ ಈಸ್ಟ್ ಇಂಡಿಯಾ ಹೌಸ್ ಎಂಬ ಹೆಸರಿನಲ್ಲಿ ಶುರುವಾಗಿ ಪೂರ್ವದೇಶಗಳ ರೇಷ್ಮೆಯನ್ನು ಮಾರುತ್ತಿತ್ತು. ಒಡವೆಗಳ ಮೇಲೆ ಅಂಗಡಿಯ ಮುದ್ರೆ ಇರುತ್ತಿತ್ತು, ನಾಕ್ಸನ ಹೆಸರು ಇರುತ್ತಿರಲಿಲ್ಲ. ನನ್ನನ್ನು ಕೇಳಿದರೆ ಕೆಲ್ಟಿಕ್ ಗಂಟನ್ನು ನಕಲು ಮಾಡದೆ ಮುಂದುವರಿಸಿದವನು ಅವನೊಬ್ಬನೇ.

ನಾಕ್ಸ್ ತೀರಿಕೊಂಡ ಸುಮಾರು ಇಪ್ಪತ್ತು ವರ್ಷಗಳ ಬಳಿಕ ಅದೇ ದ್ವೀಪದ ಕಾಸಲ್‌ಟೌನ್‌ನಲ್ಲಿ ಮಾಟಗಾತಿಯರ ವಸ್ತುಸಂಗ್ರಹಾಲಯವೊಂದಕ್ಕೆ ಜೆರಾಲ್ಡ್ ಗಾರ್ಡ್ನರ್ ಎಂಬಾತ ಒಡೆಯನಾದ. 1884ರಲ್ಲಿ ಹುಟ್ಟಿದ ಈತ ಹದಿಹರೆಯದಲ್ಲೇ ಸಿಲೋನಿನ ಚಹಾ ತೋಟಕ್ಕೆ ಬಂದವನು. ಮುಂದೆ ಮಲಯದಲ್ಲಿ ಸುಂಕದ ಅಧಿಕಾರಿಯಾಗಿ, ಅಲ್ಲಿನ ಕ್ರಿಸ್ ಕಠಾರಿಯ ಬಗ್ಗೆ ಪುಸ್ತಕ ಬರೆದು ಊರಿಗೆ ಮರಳಿದವನು. 1735ರ ಮಾಟ ಕಾಯ್ದೆ ಬ್ರಿಟನ್ನಿನಲ್ಲಿ 1951ರಲ್ಲಿ ರದ್ದಾಯಿತು. 1954ರಲ್ಲಿ ಗಾರ್ಡ್ನರ್ ಪುಸ್ತಕವೊಂದನ್ನು ಪ್ರಕಟಿಸಿ, ಕ್ರೈಸ್ತಪೂರ್ವದ ಧರ್ಮವೊಂದು ಗುಟ್ಟಾಗಿ ಉಳಿದುಬಂದಿದೆ, ತಾನೂ ಅದರ ದೀಕ್ಷೆ ಪಡೆದಿದ್ದೇನೆ ಎಂದು ಸಾರಿದ. ಅದೇ ಇಂದಿನ ವಿಕ್ಕಾ. ಬ್ರಿಸ್ಟಲ್ ವಿಶ್ವವಿದ್ಯಾಲಯದ ಇತಿಹಾಸಕಾರ ರೊನಾಲ್ಡ್ ಹಟ್ಟನ್ 1999ರಲ್ಲಿ ವಿವರವಾಗಿ ತೋರಿಸಿರುವಂತೆ, ಇದು ಇಪ್ಪತ್ತನೆಯ ಶತಮಾನದಲ್ಲಿ ರೂಪುಗೊಂಡ ಧರ್ಮ. ಆ ಕಾರಣಕ್ಕೆ ಅದನ್ನು ಹುಸಿ ಎನ್ನಲು ನಾನು ಸಿದ್ಧನಿಲ್ಲ. ಎಲ್ಲ ಧರ್ಮಗಳೂ ಒಂದು ಕಾಲಕ್ಕೆ ಹೊಸವೇ ಆಗಿದ್ದವು.

ಗಾರ್ಡ್ನರ್ ಪರಂಪರೆಯಲ್ಲಿ ಆಭರಣಕ್ಕೆ ವಿಶೇಷ ಸ್ಥಾನವಿದೆ, ಕಾರಣವೂ ಸರಳ: ವಿಧಿಗಳನ್ನು ದಿಗಂಬರರಾಗಿ ಆಚರಿಸುತ್ತಾರೆ. ಮೈಮೇಲೆ ಬಟ್ಟೆಯಿಲ್ಲದಿರುವಾಗ ಹಾರವೇ ಉಡುಗೆ. ಅವರ ಪುರಾಣಕಥೆಯೊಂದರಲ್ಲಿ ದೇವಿ ಪಾತಾಳಕ್ಕೆ ಇಳಿಯುವಾಗ ಬಟ್ಟೆ ಒಡವೆಗಳನ್ನೆಲ್ಲ ಕಳಚಿಡಬೇಕಾಗುತ್ತದೆ. ಮೃತ್ಯುದೇವ ಕೊನೆಗೆ ಅವಳಿಗೆ ಪುನರ್ಜನ್ಮದ ಚಕ್ರವೆಂದು ಹಾರವೊಂದನ್ನು ಕೊಡುತ್ತಾನೆ. ಸುಮೇರಿಯದ ಇನಾನ್ನಾ ದೇವಿ ಏಳು ಬಾಗಿಲುಗಳಲ್ಲಿ ಒಡವೆ ಬಿಚ್ಚುತ್ತಾ ಇಳಿಯುವ ಕಥೆಯ ನೆರಳು ಇದರಲ್ಲಿದೆ. ಹಿರಿಯ ಅರ್ಚಕಿಯ ಹಾರದಲ್ಲಿ ಅಂಬರ್ ಮತ್ತು ಜೆಟ್ ಮಣಿಗಳನ್ನು ಒಂದರ ಪಕ್ಕ ಒಂದು ಪೋಣಿಸುತ್ತಾರೆ. ಹೊಂಬಣ್ಣದ್ದು ಹಗಲಿಗೆ, ಕಪ್ಪುಬಣ್ಣದ್ದು ಇರುಳಿಗೆ. ಎರಡೂ ಕಲ್ಲಲ್ಲ, ಎರಡೂ ಮರದಿಂದ ಬಂದವು: ಅಂಬರ್ ಗಟ್ಟಿಯಾದ ಮರದಂಟು, ಜೆಟ್ ಹದಿನೆಂಟು ಕೋಟಿ ವರ್ಷಗಳ ಹಿಂದೆ ಹೂತುಹೋದ ಮರ. ಯಾರ್ಕ್‌ಷೈರಿನ ವಿಟ್‌ಬಿ ತೀರದ ಜೆಟ್ ಹೆಸರುವಾಸಿ. 1861ರಲ್ಲಿ ಗಂಡ ತೀರಿಕೊಂಡ ಮೇಲೆ ವಿಕ್ಟೋರಿಯಾ ರಾಣಿ ಶೋಕಾಭರಣವಾಗಿ ಧರಿಸಿದ್ದು ಅದನ್ನೇ. ಕಪ್ಪು ಗಾಜನ್ನು ಜೆಟ್ ಎಂದು ಮಾರುವವರಿದ್ದಾರೆ. ಗಾಜು ಕೈಗೆ ತಣ್ಣಗೂ ಭಾರವೂ ಆಗಿರುತ್ತದೆ, ಜೆಟ್ ಹಗುರ, ಬೆಚ್ಚಗೆ. ಮೆರುಗಿಲ್ಲದ ಪಿಂಗಾಣಿಯ ಮೇಲೆ ಗೀಚಿದರೆ ನಿಜವಾದ ಜೆಟ್ ಕಂದುಬಣ್ಣದ ಗೆರೆ ಬಿಡುತ್ತದೆ.

ಹೊರಗಿನವರಿಗೆ ಹೆಚ್ಚು ಪರಿಚಯವಿರುವುದು ವೃತ್ತದೊಳಗಿನ ಐದು ಮೂಲೆಯ ನಕ್ಷತ್ರ, ಪೆಂಟಕಲ್. ಪೈಥಾಗೊರಸನ ಅನುಯಾಯಿಗಳಿಗೆ ಅದು ಆರೋಗ್ಯದ ಗುರುತು. ಹದಿನಾಲ್ಕನೆಯ ಶತಮಾನದ ಇಂಗ್ಲಿಷ್ ಕಾವ್ಯವೊಂದರಲ್ಲಿ ಅದು ಗವೇನ್ ಎಂಬ ವೀರನ ಗುರಾಣಿಯ ಮೇಲೆ ಯೇಸುವಿನ ಐದು ಗಾಯಗಳನ್ನು ನೆನಪಿಸುತ್ತದೆ. ನೆಟ್ಟಗಿದ್ದರೆ ಒಳ್ಳೆಯದು, ತಲೆಕೆಳಗಾದರೆ ಕೆಟ್ಟದ್ದು ಎಂಬ ಭೇದವನ್ನು ಜನಪ್ರಿಯಗೊಳಿಸಿದವನು ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಮಾಂತ್ರಿಕ ಎಲಿಫಾಸ್ ಲೆವಿ. ವಿಕ್ಕಾದಲ್ಲಿ ಐದು ಮೂಲೆಗಳೆಂದರೆ ಪೃಥ್ವಿ, ಜಲ, ಅಗ್ನಿ, ವಾಯು. ನಮ್ಮ ಪಂಚಭೂತಗಳಲ್ಲಿ ಆಕಾಶವಿರುವ ಕಡೆ ಅವರಲ್ಲಿ ಆತ್ಮ. ಗಾರ್ಡ್ನರ್ ಪರಂಪರೆಯಲ್ಲಿ ತಲೆಕೆಳಗಿನ ನಕ್ಷತ್ರ ಎರಡನೆಯ ದೀಕ್ಷೆ ಪಡೆದವರ ಗುರುತು. ಅದನ್ನು ಕಂಡು ಸೈತಾನನ ಪೂಜೆ ಎಂದು ಬೆಚ್ಚುವವರಿಗೆ ಇದು ಗೊತ್ತಿರುವುದಿಲ್ಲ.

ಅಮೆರಿಕದ ಸರ್ಕಾರಕ್ಕೂ ಈ ನಕ್ಷತ್ರ ಇರುಸುಮುರುಸು ತಂದಿತ್ತು. ಮಡಿದ ಸೈನಿಕರ ಸಮಾಧಿಗಲ್ಲಿನ ಮೇಲೆ ಕೆತ್ತಬಹುದಾದ ಧರ್ಮಚಿಹ್ನೆಗಳ ಪಟ್ಟಿಯೊಂದು ಅಲ್ಲಿದೆ. ಶಿಲುಬೆ, ದಾವೀದನ ನಕ್ಷತ್ರ, ಅರ್ಧಚಂದ್ರ ಎಲ್ಲವೂ ಇದ್ದವು, ಪೆಂಟಕಲ್ ಇರಲಿಲ್ಲ. 2005ರಲ್ಲಿ ಅಫ್ಘಾನಿಸ್ತಾನದಲ್ಲಿ ಮಡಿದ ಸೈನಿಕನೊಬ್ಬನ ಪತ್ನಿ ಅದಕ್ಕಾಗಿ ಹೋರಾಡಿದರು, ಇತರ ವಿಕ್ಕಾ ಕುಟುಂಬಗಳೊಡನೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. 2007ರ ಏಪ್ರಿಲ್‌ನಲ್ಲಿ ಸರ್ಕಾರ ರಾಜಿಗೆ ಬಂದು ಪೆಂಟಕಲನ್ನು ಪಟ್ಟಿಗೆ ಸೇರಿಸಿತು. ಅದೇ ವರ್ಷ ಅರ್ಲಿಂಗ್ಟನ್ ಸೇನಾ ಸ್ಮಶಾನದ ಸಮಾಧಿಗಲ್ಲಿನ ಮೇಲೂ ಅದನ್ನು ಕೆತ್ತಲಾಯಿತು.

ನಮಸ್ಕಾರ.