ಅಘನಾಶಿನಿಯ ದಾರಿ, ಅಘನಾಶಿನಿಯ ಊಟ

ಎಲ್ಲರಿಗೂ ನಮಸ್ಕಾರ.

ಪ್ರವಾಸದ ಬಗ್ಗೆ ಬರೆಯುವವರು ಸಿಕ್ಕರೆ ಜನ ಎರಡು ಪ್ರಶ್ನೆ ಕೇಳುತ್ತಾರೆ. ಚಾರಣಕ್ಕೆ ಎಲ್ಲಿ ಹೋಗಬೇಕು? ಅಲ್ಲಿ ಊಟಕ್ಕೆ ಏನು ಸಿಗುತ್ತದೆ? ನನ್ನ ಮಟ್ಟಿಗೆ ಇವೆರಡೂ ಒಂದೇ ಪ್ರಶ್ನೆ. ಕಾಡಿನ ದಾರಿಯಲ್ಲಿ ನಡೆಯುವುದು, ಘಟ್ಟ ಇಳಿಯುವುದು ನನಗೆ ತುಂಬಾ ಇಷ್ಟ. ಒಳ್ಳೆ ಊಟವೂ ಅಷ್ಟೇ ಇಷ್ಟ. ಇವನ್ನು ಬೇರೆ ಬೇರೆ ಮಾಡಿ, ಒಂದು ಕಡೆ ಸಾಹಸ, ಇನ್ನೊಂದು ಕಡೆ ರುಚಿ ಅಂತ ಬರೆಯುವ ರೂಢಿ ಇದೆಯಲ್ಲ, ಅದು ನನಗೆ ಒಗ್ಗುವುದಿಲ್ಲ. ಜಲಪಾತ ಎಷ್ಟು ಮೀಟರ್ ಎತ್ತರ ಅಂತ ಬರೆದು, ಅಲ್ಲೇ ಪಕ್ಕದ ಮನೆಯವರು ಮಧ್ಯಾಹ್ನ ಏನು ಉಣ್ಣುತ್ತಾರೆ ಅಂತ ಬರೆಯದಿದ್ದರೆ ಆ ಊರಿನ ಅರ್ಧ ಕಥೆ ಬಿಟ್ಟುಹೋದಂತೆ.

ಇವತ್ತು ಒಂದೇ ಹೊಳೆ ಹಿಡಿದುಕೊಂಡು ಮಾತಾಡುತ್ತೇನೆ. ಉತ್ತರ ಕನ್ನಡದ ಅಘನಾಶಿನಿ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುತ್ತದೆ, ಸಿದ್ದಾಪುರದ ಕಡೆ ಕಾಡಿನೊಳಗೆ ಘಟ್ಟ ಇಳಿಯುತ್ತದೆ, ಕುಮಟಾ ತಾಲೂಕಿನಲ್ಲಿ ಸಮುದ್ರ ಸೇರುತ್ತದೆ. ಉದ್ದ ಸುಮಾರು 120 ಕಿಲೋಮೀಟರ್ ಅಷ್ಟೇ. ಆದರೆ ಅದಕ್ಕೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಪಕ್ಕದಲ್ಲೇ ಇರುವ ಶರಾವತಿ ಮತ್ತು ಕಾಳಿಯ ಗತಿ ನೋಡಿದವರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಗೊತ್ತಾಗುತ್ತದೆ. ಮೇಲಿನಿಂದ ಕೆಳಗಿನವರೆಗೆ ನೀರು ತನ್ನ ಪಾಡಿಗೆ ತಾನು ಹರಿಯುವುದರಿಂದಲೇ ಈ ದಡದ ಊಟ ಇನ್ನೂ ಉಳಿದಿದೆ ಅನ್ನುವುದು ನನ್ನ ನಂಬಿಕೆ. ಅದನ್ನೇ ಇವತ್ತು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೇಲಿನಿಂದ ಶುರು ಮಾಡೋಣ. ಶಿರಸಿ, ಸಿದ್ದಾಪುರದ ಕಡೆ ಅಡಿಕೆ ತೋಟಗಳು ಕಣಿವೆಯಲ್ಲಿರುತ್ತವೆ. ತೋಟದ ಮೇಲ್ಗಡೆ ಸೊಪ್ಪಿನ ಬೆಟ್ಟ. ತೋಟಕ್ಕೆ ಗೊಬ್ಬರದ ಸೊಪ್ಪು ಬರುವುದು ಅಲ್ಲಿಂದ. ಅಡುಗೆಮನೆಗೂ ಅರ್ಧ ಸಾಮಾನು ಅಲ್ಲಿಂದಲೇ ಬರುತ್ತದೆ. ಮುರುಗಲು, ಉಪ್ಪಾಗೆ ಅನ್ನುವ ಹುಳಿ ಹಣ್ಣುಗಳೆರಡೂ ಅಲ್ಲಿಯವೇ. ಉಪ್ಪಾಗೆಯ ಸಿಪ್ಪೆ ಹುಳಿಗೆ, ಬೀಜ ತುಪ್ಪಕ್ಕೆ. ಹೌದು, ಬೀಜದಿಂದ ತುಪ್ಪ. ತಣ್ಣಗಾದರೆ ಗಟ್ಟಿಯಾಗುವ ಈ ತುಪ್ಪವನ್ನು ಬಿಸಿ ಬಿಸಿ ತೆಳ್ಳೇವಿನ, ಅಂದರೆ ತೆಳು ದೋಸೆಯ ಮೇಲೆ ಹಾಕಿದರೆ ಕರಗಿ ಒಳಗೆ ಇಳಿಯುತ್ತದೆ. ಬೆಳಗ್ಗೆ ಇದನ್ನು ತಿಂದು ಹೊರಟರೆ ಮಧ್ಯಾಹ್ನದವರೆಗೆ ಹಸಿವಿನ ಯೋಚನೆ ಇರುವುದಿಲ್ಲ.

ಇನ್ನು ಅಪ್ಪೆಮಿಡಿ, ಅಂದರೆ ಉಪ್ಪಿನಕಾಯಿಗೆ ಹಾಕುವ ಎಳೆಯ ಕಾಡುಮಾವಿನಕಾಯಿ. ಇದರ ಬಗ್ಗೆ ನಾನು ಜಾಸ್ತಿ ಹೊತ್ತು ಮಾತಾಡುತ್ತೇನೆ, ದಯವಿಟ್ಟು ತಡೆದುಕೊಳ್ಳಿ. ಅಪ್ಪೆ ಮರಗಳು ಹೊಳೆಯ ದಡದಲ್ಲೇ ಚೆನ್ನಾಗಿ ಬೆಳೆಯುತ್ತವೆ. ದೊಡ್ಡ ಮರಗಳು, ಕೊಂಬೆಗಳು ನೀರಿನ ಮೇಲೆ ಚಾಚಿರುತ್ತವೆ. ಒಂದೊಂದು ಮರದ ಮಿಡಿಗೂ ಒಂದೊಂದು ಪರಿಮಳ. ಕೆಲವು ಜೀರಿಗೆಯ ವಾಸನೆ, ಕೆಲವು ಕರ್ಪೂರದ ವಾಸನೆ. ಅನಂತಭಟ್ಟನ ಅಪ್ಪೆ ಅಂತ ಹೆಸರು ಪಡೆದ ತಳಿಯೇ ಇದೆ. ಮಿಡಿ ಕೊಯ್ಯುವುದನ್ನು ಹತ್ತಿರ ನಿಂತು ನೋಡಬೇಕು. ಕೊಯ್ಯುವವನು ತುದಿಯ ಕೊಂಬೆಯವರೆಗೆ ಹೋಗುತ್ತಾನೆ, ಮಿಡಿಯನ್ನು ತೊಟ್ಟಿನ ಸಮೇತ ಕೊಯ್ಯುತ್ತಾನೆ, ಬುಟ್ಟಿಗೆ ಹಾಕಿ ಹಗ್ಗದಲ್ಲಿ ನಿಧಾನಕ್ಕೆ ಇಳಿಸುತ್ತಾನೆ. ಒಂದೂ ನೆಲಕ್ಕೆ ಬೀಳಬಾರದು. ಬಿದ್ದು ಪೆಟ್ಟಾದ ಮಿಡಿ ಉಪ್ಪಿನಕಾಯಿಗೆ ಬಾರದು, ಜಾಡಿಯಲ್ಲಿ ಮೆತ್ತಗಾಗಿ ಉಳಿದದ್ದನ್ನೂ ಹಾಳು ಮಾಡುತ್ತದೆ. ತೊಟ್ಟು ಮುರಿದರೆ ಸೊನೆ ಹೋಗುತ್ತದೆ, ಪರಿಮಳ ಇರುವುದೇ ಸೊನೆಯಲ್ಲಿ. ಆಮೇಲೆ ಮಿಡಿಯನ್ನು ಉಪ್ಪಿನಲ್ಲಿ ಹಾಕಿಡುತ್ತಾರೆ. ಅದು ನೀರು ಬಿಟ್ಟುಕೊಂಡು ಸುಕ್ಕಾಗುತ್ತದೆ, ಆ ನೀರಿನಲ್ಲೇ ಸಾಸಿವೆ, ಮೆಣಸು ಕೂಡುತ್ತದೆ. ಸರಿಯಾಗಿ ಹಾಕಿದ ಮಿಡಿ ವರ್ಷಗಟ್ಟಲೆ ಕೆಡುವುದಿಲ್ಲ. ಪೇಟೆಯಲ್ಲಿ ಪ್ಯಾಕೆಟ್ ಒಡೆದು ತಿನ್ನುವಾಗ ಈ ಹಗ್ಗ, ಬುಟ್ಟಿ ಯಾರ ಕಣ್ಣಿಗೂ ಬೀಳುವುದಿಲ್ಲ. ಪ್ರವಾಸ ಬರೆಯುವವರು ಬರೆಯಬೇಕಾದದ್ದು ಅದನ್ನೇ ಅಂತ ನನಗೆ ಅನಿಸುತ್ತದೆ.

ಬೆಲೆ ಚೆನ್ನಾಗಿ ಸಿಗುತ್ತದೆ ಅಂತ ಮರ ಹತ್ತುವ ಬದಲು ಕೊಂಬೆಯನ್ನೇ ಕಡಿದು ಕೆಡವುವವರೂ ಇದ್ದಾರೆ. ಉಪ್ಪಾಗೆ ಸಿಪ್ಪೆಗೆ ಹೊರಗಿನ ಬೇಡಿಕೆ ಬಂದಾಗಲೂ ಹೀಗೇ ಆಯಿತು, ಹಣ್ಣಾಗುವ ಮೊದಲೇ ಕಾಯಿ ಬಡಿದರು. ಕೊಂಬೆ ಕಡಿದರೆ ಮುಂದಿನ ವರ್ಷದ ಮಿಡಿ ಎಲ್ಲಿಂದ ಬರಬೇಕು ಹೇಳಿ?

ಹೊಳೆ ಹಿಡಿದು ಕೆಳಗೆ ಬಂದರೆ ಹೆಗ್ಗರಣೆಯ ಹತ್ತಿರ ಉಂಚಳ್ಳಿ ಜಲಪಾತ. 116 ಮೀಟರ್ ಎತ್ತರದಿಂದ ಅಘನಾಶಿನಿ ಒಮ್ಮೆಲೇ ಕಣಿವೆಗೆ ಬೀಳುತ್ತದೆ. ಕೆಪ್ಪಜೋಗ ಅಂತಲೂ ಕರೆಯುತ್ತಾರೆ. ಮಳೆಗಾಲದಲ್ಲಿ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುವುದಿಲ್ಲ, ಮಂಜು ಕವಿದರೆ ಜಲಪಾತವೂ ಕಾಣುವುದಿಲ್ಲ, ಬರೀ ಸದ್ದು. ಸುತ್ತಲಿನ ಕಾಡು ಸಿಂಗಳೀಕಗಳ ಮನೆ. ಅವುಗಳಿಗಾಗಿಯೇ ಇಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶ ಇದೆ. ರಾಂಪತ್ರೆ ಜಡ್ಡಿಗಳೂ, ಅಂದರೆ ರಾಂಪತ್ರೆ ಜಾತಿಯ ಮರಗಳು ಬೆಳೆಯುವ ಜೌಗು ಜಾಗಗಳೂ ಇಲ್ಲಿವೆ. ಕೆಸರಿನ ನೀರಿನಲ್ಲಿ ನಿಂತ ಮರಗಳು ಉಸಿರಾಡಲಿಕ್ಕೆ ಬೇರುಗಳನ್ನು ಮಂಡಿಯ ಆಕಾರದಲ್ಲಿ ಮೇಲಕ್ಕೆ ಎತ್ತಿರುತ್ತವೆ. ಅಲ್ಲಿ ಕಾಲಿಟ್ಟು ತುಳಿಯಬೇಡಿ, ದೂರದಿಂದ ನೋಡಿದರೆ ಸಾಕು.

ಮಳೆಗಾಲದ ಚಾರಣದಲ್ಲಿ ಉಂಬಳ, ಅಂದರೆ ಜಿಗಣೆ ಹತ್ತುವುದು ಇದ್ದದ್ದೇ. ಅದಕ್ಕೆ ಹೆದರಿ ಯಾರೂ ಮನೆಯಲ್ಲಿ ಕೂರಬೇಕಾಗಿಲ್ಲ. ಏರು ಹತ್ತಿ ಬೆವರು ಸುರಿದು ಬಂದಾಗ ಈ ಕಡೆಯ ಮನೆಗಳಲ್ಲಿ ಮೊದಲು ಕೊಡುವುದು ತಂಬುಳಿ ಅಥವಾ ಅಪ್ಪೆಹುಳಿ. ತಂಬುಳಿಗೆ ಒಂದೆಲಗವೋ ಎಲವರಿಗೆ ಕುಡಿಯೋ, ಅಂದು ಹಿತ್ತಲಲ್ಲಿ ಏನು ಚಿಗುರಿದೆಯೋ ಅದು. ಜೀರಿಗೆ, ಕಾಳುಮೆಣಸಿನ ಜೊತೆ ಸ್ವಲ್ಪ ಹುರಿದು, ತೆಂಗಿನಕಾಯಿ ಹಾಕಿ ರುಬ್ಬಿ, ಮಜ್ಜಿಗೆಯಲ್ಲಿ ಕಲಸುತ್ತಾರೆ. ಕುದಿಸುವುದಿಲ್ಲ. ಬೆವರಿನಲ್ಲಿ ಹೋದ ನೀರು, ಉಪ್ಪು ಎರಡೂ ಲೋಟದಲ್ಲಿ ವಾಪಸ್ ಬರುತ್ತವೆ. ಚೀಲದಲ್ಲಿ ಪುಡಿಯ ಪಾನೀಯ ಹೊತ್ತುಕೊಂಡು ಬರುವ ಚಾರಣಿಗರಿಗೆ ನಾನು ಇದನ್ನು ಯಾವಾಗಲೂ ಹೇಳುತ್ತೇನೆ. ಅಪ್ಪೆಹುಳಿ ಮಾತ್ರ ನಡಿಗೆ ಮುಗಿದ ಮೇಲೆ ಕುಡಿಯಿರಿ. ಹಿಂಗು, ಒಣಮೆಣಸಿನ ಒಗ್ಗರಣೆಯ ಆ ತೆಳು ಹುಳಿ ಎರಡು ಲೋಟ ಹೊಟ್ಟೆಗೆ ಇಳಿದರೆ ಕಣ್ಣು ತಾನಾಗಿಯೇ ಮುಚ್ಚುತ್ತದೆ.

ಘಟ್ಟದ ಇಳಿಜಾರಿನಲ್ಲೇ ಯಾಣ. ಸೊಕ್ಕಿದ್ದವನು ಯಾಣಕ್ಕೆ, ರೊಕ್ಕ ಇದ್ದವನು ಗೋಕರ್ಣಕ್ಕೆ ಅಂತ ಹಿಂದೆ ಹೇಳುತ್ತಿದ್ದರು, ಕಾಡಿನ ಏರು ದಾರಿ ಅಷ್ಟು ಕಷ್ಟವಿತ್ತು. ಈಗ ಶಿರಸಿ ಕಡೆಯಿಂದ ಹತ್ತಿರದವರೆಗೆ ರಸ್ತೆ ಇದೆ. 120 ಮೀಟರ್ ಎತ್ತರದ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ, ಎರಡೂ ಕಪ್ಪು ಸುಣ್ಣದ ಕಲ್ಲು. ಯಾಣದ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ, ನಾನು ಮುಂದೆ ಹೋಗುತ್ತೇನೆ.

ಯಾಕೆಂದರೆ ನನಗೆ ಹೇಳಬೇಕಾದದ್ದು ಇರುವುದು ಕೆಳಗೆ, ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ. ಅಲ್ಲಿ ಊಟದ ರುಚಿಯೇ ಬದಲಾಗುತ್ತದೆ. ಮೇಲೆ ಸಕ್ಕರೆ ಹಾಕಿ ಪಾನಕವಾದ ಮುರುಗಲು ಕೆಳಗೆ ಒಣಗಿ ಮೀನಿನ ಸಾರಿಗೆ ಬೀಳುತ್ತದೆ. ಅಕ್ಕಿಯೂ ಬೇರೆ. ಕುಮಟಾದ ಮಾಣಿಕಟ್ಟಾ ಸುತ್ತಮುತ್ತ ಗಜನಿ ಭೂಮಿ ಇದೆ. ಉಬ್ಬರದಲ್ಲಿ ಉಪ್ಪುನೀರು ನುಗ್ಗುವ ಜಾಗ. ಅಲ್ಲಿ ಬೇರೆ ಭತ್ತ ಬದುಕುವುದಿಲ್ಲ, ಕಗ್ಗ ಅನ್ನುವ ತಳಿ ಬದುಕುತ್ತದೆ. ಎತ್ತರಕ್ಕೆ ಬೆಳೆಯುತ್ತದೆ, ಉಪ್ಪನ್ನೂ ನೆರೆಯನ್ನೂ ತಡೆದುಕೊಳ್ಳುತ್ತದೆ. ಗೊಬ್ಬರ ಕೇಳುವುದಿಲ್ಲ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟು ಸಿಗಡಿ, ಮೀನು ಹಿಡಿಯುತ್ತಾರೆ. ಒಂದೇ ಗದ್ದೆ, ಅನ್ನವೂ ಅಲ್ಲೇ, ಸಾರೂ ಅಲ್ಲೇ! ಇಷ್ಟು ಜಾಣ ಬೇಸಾಯವನ್ನು ನಾನು ಬೇರೆಲ್ಲೂ ಕಂಡಿಲ್ಲ. ಉಪ್ಪುನೀರು ತಡೆಯುವ ಗದ್ದೆಯ ಒಡ್ಡು ಒಬ್ಬರಿಂದ ಕಾಯಲಿಕ್ಕೆ ಆಗುವಂಥದ್ದಲ್ಲ, ಊರೇ ಸೇರಿ ಕಾಯಬೇಕು. ಒಡ್ಡು ಒಡೆದ ಕಡೆ, ವರ್ಷಪೂರ್ತಿ ಸಿಗಡಿ ಸಾಕಣೆಗೆ ಹೊರಟ ಕಡೆ ಕಗ್ಗ ಕಡಿಮೆಯಾಗಿದೆ.

ಆಮೇಲೆ ಬಳಚು, ಕೆಸರಿನಲ್ಲಿ ಸಿಗುವ ಚಿಪ್ಪುಜೀವಿ. ನೀರು ಇಳಿದಾಗ ಹೆಂಗಸರು ಸೊಂಟದ ಮಟ್ಟದ ನೀರಿನಲ್ಲಿ ನಿಂತು, ಕಾಲಿನಿಂದ ಕೆಸರು ತಡಕುತ್ತಾ, ಸಿಕ್ಕಿದ್ದನ್ನು ಕೈಯಿಂದ ಎತ್ತಿ ತೇಲುವ ಪಾತ್ರೆಗೆ ಹಾಕುತ್ತಾ ಹೋಗುತ್ತಾರೆ. ಬೆನ್ನು ನೋಯಿಸುವ ಕೆಲಸ ಅದು. ಮನೆಗೆ ತಂದು ಬೇಯಿಸಿದರೆ ಚಿಪ್ಪು ಬಾಯಿ ಬಿಡುತ್ತದೆ. ಒಳಗಿನದನ್ನು ಬಿಡಿಸಿ, ಕಾಯಿ ಮಸಾಲೆಯಲ್ಲಿ ಸುಕ್ಕಾ ಮಾಡಿ, ಕಗ್ಗದ ಕೆಂಪು ಗಂಜಿಯ ಜೊತೆ ಬಡಿಸುತ್ತಾರೆ. ನಾನು ತಿಂದ ಊಟಗಳಲ್ಲಿ ಇದಕ್ಕೆ ಮೊದಲ ಜಾಗ, ಇದರಲ್ಲಿ ನನಗೆ ಸಂಶಯವೇ ಇಲ್ಲ.

ಬಳಚು ಬೆಳೆಯಲಿಕ್ಕೆ ಸಿಹಿನೀರು, ಉಪ್ಪುನೀರು ಎರಡೂ ಒಂದು ಹದದಲ್ಲಿ ಸೇರಬೇಕು. ಮೇಲೆ ಹೊಳೆ ಕಟ್ಟಿದರೆ ಆ ಹದ ಕೆಡುತ್ತದೆ. ಹಿಂದೆ ಇದೇ ಅಳಿವೆಯ ತದಡಿಯಲ್ಲಿ 4000 ಮೆಗಾವ್ಯಾಟ್ ಉಷ್ಣವಿದ್ಯುತ್ ಸ್ಥಾವರದ ಪ್ರಸ್ತಾವ ಬಂದಿತ್ತು. ಜನ ಬಲವಾಗಿ ವಿರೋಧಿಸಿದರು, ಅದು ಬರಲಿಲ್ಲ. 2024ರಲ್ಲಿ ಅಘನಾಶಿನಿ ಅಳಿವೆ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸಾರ್ ಪಟ್ಟಿಗೆ ಸೇರಿತು. ಸ್ಥಾವರ ಬಂದಿದ್ದರೆ ಇವತ್ತು ನಾನು ಬಳಚಿನ ಬಗ್ಗೆ ಹಳೆಯ ನೆನಪಿನಂತೆ ಮಾತಾಡಬೇಕಾಗಿತ್ತೇನೋ.

ನೀವೂ ಹೋಗುವುದಾದರೆ ಒಂದೆರಡು ಮಾತು. ಉಂಚಳ್ಳಿಗೆ ಅಕ್ಟೋಬರ್, ನವೆಂಬರ್ ಒಳ್ಳೆಯದು, ನೀರೂ ಇರುತ್ತದೆ, ಮಂಜೂ ಕಡಿಮೆ. ಅಪ್ಪೆಮಿಡಿ ನೋಡಬೇಕಾದರೆ ಬೇಸಿಗೆಯ ಶುರುವಿನಲ್ಲಿ ಹೋಗಿ. ಊಟ ಬೇಕಾದರೆ ಹಿಂದಿನ ದಿನವೇ ಹೇಳಿ, ಸುಮ್ನೆ ಮಧ್ಯಾಹ್ನ ಹತ್ತು ಜನ ಹೋಗಿ ಬಾಗಿಲು ತಟ್ಟಬೇಡಿ. ಊಟ ಹಾಕಿದವರಿಗೆ ಸರಿಯಾದ ಹಣ ಕೊಡಿ, ಚೌಕಾಸಿ ಬೇಡ. ಬಳಚು ಹೆಕ್ಕುವುದನ್ನು ನೋಡಲು ಹೋಗುವವರು ನೀರು ಇಳಿಯುವ ಹೊತ್ತು ಯಾವುದು ಅಂತ ಊರಿನವರನ್ನೇ ಕೇಳಿ, ಅದು ದಿನಾ ಬದಲಾಗುತ್ತದೆ. ಫೋಟೋ ತೆಗೆಯುವ ಮೊದಲು ಆ ಹೆಂಗಸರನ್ನೂ ಒಂದು ಮಾತು ಕೇಳಿ. ಇನ್ನು ನಿಮ್ಮ ಪ್ರಶ್ನೆಗಳು ಬರಲಿ. ಅಡುಗೆ ಬಗ್ಗೆ ಕೇಳುವವರಿದ್ದರೆ ಮೊದಲು ಅವರೇ ಕೈ ಎತ್ತಿ.